ಪೂರ್ವದ ಮೂಲೆಯ ಮುದುಕಿ

"ಎಳೀಬೇಡಿ. ಓಡ್ಲಿ ಬಿಡಿ ಅವಳು," ಎಂದಳು ಮೇವಿಸ್.

ದೋಣಿಯ ಹಿಂತುದಿಯಲ್ಲಿ ಕೂತಿದ್ದ ಹಲ್ಲಿನ ಡಾಕ್ಟರು ಅರ್ಧ ಎದ್ದಿದ್ದರು. ಗಾಳದ ಕೋಲು ಬಾಗಿತ್ತು. ರೀಲು ಕಿರ್ರೆಂದು ದಾರ ಬಿಡುತ್ತಿತ್ತು. ಆಮೇಲೆ ಟಪ್ಪೆಂದು ದಾರ ಹರಿಯಿತು, ಡಾಕ್ಟರು ಕುಸಿದು ಕೂತರು.

"ಮುದುಕೀನೇ ಅಲ್ವಾ ಅದು?"

"ಈ ಮೂಲೇಲಿ ಇನ್ಯಾರು ಹಾಗೆ ಹರ್ಕೊಂಡು ಹೋಗ್ತಾರೆ?"

ಮುದುಕಿ ಎಂದರೆ ಆ ಸರೋವರದ ಪೂರ್ವದ ಮೂಲೆಯಲ್ಲಿ ಇದ್ದಾಳೆಂದು ಹೆಸರಾದ ದೈತ್ಯ ಟ್ರೌಟ್ ಮೀನು. ಆರು ಬೇಸಿಗೆಗಳಿಂದ ಎಷ್ಟೋ ಜನರ ಗಾಳಕ್ಕೆ ಸಿಕ್ಕಿದ್ದಳು, ಯಾರ ಕೈಗೂ ಬಂದಿರಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಾಗೆ. ಡಾಕ್ಟರು ದೋಣಿಕಟ್ಟೆಗೆ ಇಳಿದಾಗ ಮೊಳದುದ್ದ ಇದ್ದ ಮೀನು ರಾತ್ರಿಯ ಊಟಕ್ಕೆ ಕೂರುವಷ್ಟರಲ್ಲಿ ಎರಡು ಮೊಳವಾಗಿತ್ತು. ಊಟ ಮುಗಿಯುವ ಮೊದಲೇ ಅವರು ಬರುವ ವರ್ಷಕ್ಕೂ ಅದೇ ಕೋಣೆ ಬೇಕೆಂದು ಹೇಳಿಟ್ಟರು.

ಮೇವಿಸ್‌ಗೆ ಬೇಕಾಗಿದ್ದುದೂ ಅಷ್ಟೇ. ಬ್ರಿಟಿಷ್ ಕೊಲಂಬಿಯಾದ ಆ ದನ ಮೇಯಿಸುವ ಸೀಮೆಯಲ್ಲಿ ತಿರುಗಿದ ಕಡೆಯೆಲ್ಲ ಸರೋವರ, ಪ್ರತಿ ಸರೋವರದಲ್ಲೂ ಮಳೆಬಿಲ್ಲು ಟ್ರೌಟ್. ಗಿರಾಕಿ ಇಲ್ಲಿಗೇ ಯಾಕೆ ಬರಬೇಕು? ಗಂಡ ಆರ್ನೆ ತೀರಿಕೊಂಡ ವರ್ಷ ಅವಳ ಲಾಡ್ಜಿನ ಮರದ ಕೋಣೆಗಳು ಖಾಲಿ ಬಿದ್ದಿದ್ದವು, ಮಾರಿಬಿಡುವ ಮಾತೂ ಆಗಿತ್ತು. ಅದನ್ನು ಉಳಿಸಿದವಳು ಮುದುಕಿ.

ಆದರೆ ಮುದುಕಿ ಮೀನಲ್ಲ. ನೀರಿನಡಿ ಕೆಸರಲ್ಲಿ ಹೂತು ಮಲಗಿದ್ದ ಒಂದು ಪೈನ್ ಮರದ ಕೊರಡು.

ಹುಟ್ಟು ಹಾಕುವ ಮೇವಿಸ್ ಕೂರುತ್ತಿದ್ದುದು ಗಿರಾಕಿಯ ಬೆನ್ನ ಹಿಂದೆ. ಗಾಳ ಕೊರಡಿಗೆ ಸಿಕ್ಕಿದ ಕೂಡಲೇ ಅವಳು ಸದ್ದಿಲ್ಲದೆ ಹುಟ್ಟಾಡಿಸುವಳು. ದೋಣಿ ದೂರ ಸರಿಯುತ್ತಿತ್ತು, ರೀಲು ಹಾಡುತ್ತಿತ್ತು, ಗಿರಾಕಿ ಮೀನು ಓಡಿತೆಂದು ಕುಣಿಯುತ್ತಿದ್ದ. ಇವತ್ತು ಅವಳು ಎರಡೇ ಹುಟ್ಟು ಹಾಕಿದ್ದಳು, ದಾರ ಮಾತ್ರ ಸಿಕ್ಕಾಪಟ್ಟೆ ಹೋಗಿತ್ತು. ಗಾಳಿ ಜೋರಿರಬೇಕು ಅಂದುಕೊಂಡಳು.

ಮೀನನ್ನು ಮರುಳು ಮಾಡುವ ಗಾಳದ ಹುಸಿ ನೊಣವನ್ನೂ ಅವಳೇ ಕಟ್ಟಿಕೊಡುತ್ತಿದ್ದಳು. ಸಣ್ಣ ಕೊಕ್ಕೆ, ಅದಕ್ಕೆ ಒಂದೆರಡು ಗರಿ, ಮೇಲೆ ಆರ್ನೆಯ ಹಳೆಯ ಸ್ವೆಟರಿನಿಂದ ಬಿಚ್ಚಿದ ಕೆಂಪು ಉಣ್ಣೆ. ರೈತರು ಬೇಸಿಗೆಯೆಲ್ಲ ಹುಲ್ಲುಗಾವಲಿಗೆ ನೀರು ಬಿಟ್ಟುಕೊಂಡ ಮೇಲೆ ಶರತ್ಕಾಲಕ್ಕೆ ಸರೋವರ ತಗ್ಗಿ, ಕೊರಡಿನ ಬೆನ್ನು ಮೇಲೇಳುತ್ತಿತ್ತು. ಮೇವಿಸ್ ಹೋಗಿ ಸಿಕ್ಕಿಕೊಂಡ ನೊಣಗಳನ್ನೆಲ್ಲ ಕಿತ್ತು ತರುತ್ತಿದ್ದಳು. ಮೊದಮೊದಲು ಹೋದದ್ದೆಲ್ಲ ಸಿಗುತ್ತಿತ್ತು. ಈಚಿನ ಎರಡು ವರ್ಷಗಳಲ್ಲಿ ಅರ್ಧವೂ ಸಿಕ್ಕಿರಲಿಲ್ಲ.

"ನೀರಿನ ಹೆಗ್ಗಣಗಳು ಹೊತ್ಕೊಂಡು ಹೋಗಿರ್ತಾವೆ ಅತ್ತಿಗೆ," ಎಂದಿದ್ದ ಅಡುಗೆ ನೋಡಿಕೊಳ್ಳುವ ಮೈದುನ ಓರಿನ್. "ಅಣ್ಣನ ಸ್ವೆಟರ್ ಅಲ್ವಾ, ಮರಿಗಳಿಗೆ ಬೆಚ್ಚಗಿರತ್ತೆ."

ಆ ರಾತ್ರಿ ಊಟದ ಮೇಜಿನ ಕೊನೆಯಲ್ಲಿ ಗಿಲ್ರೋಯ್ ಎಂಬಾತ ಕೂತಿದ್ದ. ಮೀನುಗಾರರ ಪತ್ರಿಕೆಯೊಂದಕ್ಕೆ ಬರೆಯುವವನು. ಹೆಸರಾದ ಮೀನುಗಳ ಸುಳ್ಳು ಬಯಲು ಮಾಡುವುದು ಅವನ ಕಸುಬು. ಅವನು ಬರೆದ ಮೇಲೆ ಎರಡು ಲಾಡ್ಜುಗಳು ಬಾಗಿಲು ಹಾಕಿದ್ದವು. ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ದುರ್ಬೀನು ಹಿಡಿದು ಮೇವಿಸಳ ದೋಣಿಯನ್ನೇ ನೋಡಿದ್ದ.

"ನಾಳೆ ನನ್ನನ್ನೂ ಮುದುಕಿ ಹತ್ರ ಕರ್ಕೊಂಡು ಹೋಗ್ತೀರಲ್ಲ?" ಎಂದ.

ಓರಿನ್ ಬ್ರೆಡ್ಡಿನ ತಟ್ಟೆ ಇಡುವ ನೆಪದಲ್ಲಿ ಮೇವಿಸಳ ಕಿವಿಯ ಹತ್ತಿರ ಬಗ್ಗಿದ. "ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ನಿಮ್ಮ ಮುಖದ ಮೇಲೇ ಬರ್ದಿದೆ ಅತ್ತಿಗೆ. ಸ್ವಲ್ಪ ನಗಿ."

ಬೆಳಿಗ್ಗೆ ಗಿಲ್ರೋಯ್ ಕೆಂಪು ನೊಣವನ್ನು ಪೂರ್ವದ ಮೂಲೆಗೆ ಎಸೆದ. ಅದು ಮುಳುಗುವವರೆಗೆ ಕಾದು, ಬೆರಳಲ್ಲಿ ಚೂರುಚೂರೇ ದಾರ ಎಳೆದುಕೊಂಡ. ದಾರ ನಿಂತಿತು. ಕೋಲು ಬಾಗಿತು. ಮೇವಿಸ್ ಹುಟ್ಟು ಬಿಗಿಹಿಡಿದಳು.

"ಹುಟ್ಟು ಒಳಗಿಡಿ, ಮೇವಿಸ್ ಅವ್ರೇ," ಎಂದ ಗಿಲ್ರೋಯ್ ತಿರುಗಿ ನೋಡದೆಯೇ. "ಲಂಗರೂ ಇಳ್ಸಿ."

ಅವಳು ಹುಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಲಂಗರು ಇಳಿಸಿದಳು. ದೋಣಿ ನಿಂತಿತು. ದಾರವೂ ಮಿಸುಕಲಿಲ್ಲ.

"ಓಡ್ತಾ ಇಲ್ವಲ್ಲ ನಿಮ್ಮ ಮುದುಕಿ. ಯಾವ ಮರ?"

ಮೇವಿಸ್ ದಡದತ್ತ ನೋಡಿದಳು. ಅಡುಗೆಮನೆಯ ಹೊಗೆ ಏಳುತ್ತಿತ್ತು. ಇನ್ನು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಪೈನು," ಎಂದಳು. "ಮುದುಕಿ ಅನ್ನೋ ಮೀನೇ ಇಲ್ಲ. ಆರ್ನೆ ಹೋದ ವರ್ಷ ಒಬ್ಬ ಗಿರಾಕಿ ದಾರ ಇಲ್ಲಿ ಸಿಕ್ಕಿ ಹರೀತು. ಇಂಥಾ ಮೀನು ಜನ್ಮದಲ್ಲಿ ಕಂಡಿಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ. ಅದು ಮರ ಕಣಪ್ಪಾ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಆಮೇಲೆ ಅದೇ ಹೊಟ್ಟೆಪಾಡಾಯ್ತು."

"ಕಣ್ಣಾರೆ ಮೀನು ಕಂಡೋರು ಒಬ್ರೂ ಇಲ್ವಾ?"

"ಇದ್ರೆ ತಾನೇ ಕಾಣೋದು. ಬರೀತೀರಾ?"

"ನಿಜ ಬರೆಯೋದೇ ನನ್ನ ಹೊಟ್ಟೆಪಾಡು, ಮೇವಿಸ್ ಅವ್ರೇ."

ಮೇವಿಸ್‌ಗೆ ಅಳು ಬಂತು. ಆರು ವರ್ಷದ ಭಾರ ಇಳಿದ ಹಾಗೂ ಆಯಿತು. ಗಿಲ್ರೋಯ್ ಅವಳನ್ನು ಹೀಯಾಳಿಸಲಿಲ್ಲ. ಅಂಗಿಯ ಜೇಬಿನಿಂದ ಪುಟ್ಟ ಕತ್ತರಿ ತೆಗೆದ.

"ಮಲಗಿರ್ಲಿ ಬಿಡಿ, ಪಾಪ," ಎಂದು ದಾರ ಕತ್ತರಿಸಿದ.

ದಾರದ ತುದಿ ನೀರಿನ ಮೇಲೆ ಬಿತ್ತು. ಬಿದ್ದಲ್ಲೇ ಇರಬೇಕಿತ್ತು. ಇರಲಿಲ್ಲ. ಮೊದಲು ಮೆಲ್ಲಗೆ, ಆಮೇಲೆ ಸರ್ರನೆ, ಗಾಳಿಗೆ ಎದುರಾಗಿ ಸರೋವರದ ನಡುವಿಗೆ ಹೊರಟಿತು. ಗಿಲ್ರೋಯ್ ಕತ್ತರಿ ಹಿಡಿದೇ ತಿರುಗಿ ನೋಡಿದ. ಮೇವಿಸಳ ಹುಟ್ಟುಗಳು ಅವಳ ತೊಡೆಯ ಮೇಲೇ ಇದ್ದವು, ಲಂಗರಿನ ಹಗ್ಗ ಬಿಗಿಯಾಗಿತ್ತು.

ನಡುನೀರು ಸೀಳಿಕೊಂಡು ಎರಡು ಮೊಳದ ಮೀನೊಂದು ಮೇಲೆ ಹಾರಿತು; ಅದರ ಕೆಳದವಡೆಯಿಂದ ಆರ್ನೆಯ ಸ್ವೆಟರಿನ ಕೆಂಪು ಉಣ್ಣೆ ಗಡ್ಡದಂತೆ ಇಳಿಬಿದ್ದಿತ್ತು.