ಮೂರನೆಯ ಗುಟುಕು

ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬೆನಿಲ್ದಾ ಮೇಕೆಚರ್ಮದ ವೈನ್‌ಚೀಲಕ್ಕೆ ಹೊಲಿಗೆ ಬಿಗಿಯುತ್ತಿದ್ದಳು. ಬೆನ್ನ ಹಿಂದೆ ಧಣಿ ಎಲೋಯ್ ಬುರ್ಗೋಸ್ ಪಟ್ಟಣದ ವ್ಯಾಪಾರಿಗೆ ಅಂಗಡಿ ಮಾರುತ್ತಿದ್ದ.

"ಕತ್ತರಿ, ರಾಳದ ಹಂಡೆ, ಇವಳು, ಎಲ್ಲಾ ನಿಮ್ದೇ ಸ್ವಾಮಿ. ಇಪ್ಪತ್ತು ವರ್ಷದಲ್ಲಿ ಇವಳ ಹೊಲಿಗೆ ಒಂದು ಹನಿ ಸೋರಿಲ್ಲ."

"ಬಾಯಿ ಜೋರಾ?"

"ಎಲ್ಲಿಂದ ಬಂತು? ಬಾಯಲ್ಲಿ ಯಾವಾಗ್ಲೂ ದಾರ ಇರುತ್ತಲ್ಲ!"

ಇಬ್ಬರೂ ನಕ್ಕರು. ಎಲೋಯ್ ಗೋಡೆಗೆ ತೂಗುಹಾಕಿದ್ದ, ವೈನ್ ತುಂಬಿದ ಚೀಲ ಇಳಿಸಿದ. ಆ ಊರಿನ ವಾಡಿಕೆಯಲ್ಲಿ, ವ್ಯವಹಾರಕ್ಕೆ ಸೇರಿದವರೆಲ್ಲ ಅದರಿಂದ ಕುಡಿದರೆ ಮಾತು ಗಟ್ಟಿ, ಆಮೇಲೆ ಯಾರೂ ಹಿಂದೆಗೆಯುವಂತಿಲ್ಲ; ಒಬ್ಬರು ಕುಡಿಯದಿದ್ದರೂ ಮಾತು ಮುರಿದಂತೆ. ಗಂಡಸರಿಬ್ಬರೂ ಸರದಿಯಲ್ಲಿ ಚೀಲವನ್ನು ತಲೆಯ ಮೇಲೆತ್ತಿ ಹಿಂಡಿ, ಕೆಂಪು ಧಾರೆಗೆ ಬಾಯೊಡ್ಡಿದರು. ಬಳಿಕ ಎಲೋಯ್ ಅದನ್ನು ಬೆನಿಲ್ದಾಳ ಮುಖದ ಮುಂದೆ ಹಿಡಿದ.

"ಕುಡಿಯಮ್ಮ, ನೀನೇ ಹೊಲಿದದ್ದು."

ಅವಳು ಬಾಯಿಂದ ದಾರ ತೆಗೆದಳು.

"ಬೇಡ. ನಾನು ಕುಡಿಯಲ್ಲ."