ಮಾಮಿ ಹೇಳಿದ ವಾಸನೆ

2005ರ ಬೇಸಿಗೆ ರಜೆಯ ಒಂದು ಬೆಳಿಗ್ಗೆ, ಹೊಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಮೊದಲ ಸಲ ಫ್ರೆಂಚ್ ಟೋಸ್ಟ್ ಮಾಡಿದಳು. ಮೊಟ್ಟೆ ಒಳಗೆ ತರಬಾರದು ಎಂಬ ಮಾತಿನ ಮೇಲೆ ಮನೆ ಕೊಟ್ಟಿದ್ದ ಓನರ್ ಮಾಮಿ ಮಹಡಿಯಲ್ಲೇ ಇದ್ದರು. ಆದರೆ ಟೈಫಾಯಿಡ್‌ನಿಂದ ಎದ್ದಿದ್ದ ನನಗೆ ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದ್ದರು.

ಅಮ್ಮ ಚಿಪ್ಪನ್ನು ಖಾಲಿ ಹಾಲಿನ ಪ್ಯಾಕೆಟ್ಟಿನೊಳಗೆ ಬಚ್ಚಿಟ್ಟಳು. ಮೊಟ್ಟೆ ಕದಡಿದ ಹಾಲಿಗೆ ಏಲಕ್ಕಿ ಜಾಸ್ತಿಯೇ ಹಾಕಿದಳು. ತುಪ್ಪದಲ್ಲಿ ಎರಡನೇ ಬ್ರೆಡ್ಡಿನ ಅಂಚು ಕೆಂಪಗೆ ಗರಿಗರಿಯಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

ಮಾಮಿ ಅಡುಗೆಮನೆಯ ಕಿಟಕಿಗೆ ಮುಖವಿಟ್ಟರು. "ಎನ್ನಮ್ಮಾ, ವಾಸನೈ ಮೇಲ ವರೈಕ್ಕುಂ ವರುದು!"

ತುಮಕೂರು ಕಡೆಯಿಂದ ಹೊಸದಾಗಿ ಬಂದಿದ್ದ, ತಮಿಳು ಬಾರದ ಅಮ್ಮನಿಗೆ ಅದರಲ್ಲಿ ವಾಸನೆ ಎಂಬುದೊಂದೇ ಕೇಳಿಸಿತು. ಅವಳು ಸೌಟು ಕೆಳಗಿಟ್ಟಳು.

"ತಪ್ಪಾಯ್ತು ಮಾಮಿ. ಒಂದೇ ಮೊಟ್ಟೆ, ಮಗೀಗೆ ಅಂತ ಒಡ್ದೆ. ಮನೆ ಖಾಲಿ ಮಾಡಿ ಅನ್ಬೇಡಿ."

ಬಾಯಲ್ಲಿದ್ದ ತುಂಡನ್ನು ನಾನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಮಾಮಿ ನನ್ನ ತಟ್ಟೆಯನ್ನೇ ನೋಡಿದರು. ಆಮೇಲೆ "ಜನ್ನಲ್ ಮೂಡಿಕ್ಕೊಮ್ಮಾ" ಎಂದು ತಾವೇ ಹೊರಗಿನಿಂದ ಕಿಟಕಿಯ ಬಾಗಿಲು ಎಳೆದು ಮುಚ್ಚಿ, ಮೇಲೆ ಹೋದರು.

ಸಂಜೆ ಶಿಫ್ಟ್ ಮುಗಿಸಿ ಬಂದ ಅಪ್ಪ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಮಿಳಲ್ಲಿ ವಾಸನೈ ಅಂದ್ರೆ ಘಮ ಕಣೇ! ಘಮ ಮಹಡಿ ತನಕ ಬರ್ತೈತೆ ಅಂತ ಅವ್ರು ಹೊಗಳಕ್ಕೆ ಬಂದ್ರೆ ನೀನೇ ಒಪ್ಕೊಂಡ್‌ಬುಟ್ಯಲ್ಲ."

ಅಮ್ಮ ನಗಲಿಲ್ಲ.

ತುಪ್ಪ, ಏಲಕ್ಕಿ ಒಟ್ಟಿಗೆ ಘಮ್ಮೆಂದರೆ ಈಗಲೂ ನನ್ನ ಕೈ ಮೊದಲು ಕಿಟಕಿಗೆ ಹೋಗುತ್ತದೆ. ಆ ಮನೆಯಲ್ಲಿ ನಾವು 2009ರವರೆಗೆ ಇದ್ದೆವು.