ಜಾಕೆಟ್ಟಿನೊಳಗಿನ ಲಂಗ

ಎಳ್ಳು ಹುರಿದ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವಿದೇಶದಲ್ಲಿ ನಾವಿದ್ದ ಊರು ಮಾರ್ಕಮ್‌ನಲ್ಲಿ ಆ ಸಂಕ್ರಾಂತಿಯ ವಾರವಿಡೀ ಹಿಮ, ಮಳೆ, ಮತ್ತೆ ಹಿಮ ಬಿದ್ದು ರಸ್ತೆಯೆಲ್ಲ ಗಾಜಿನಂತೆ ಜಾರುತ್ತಿತ್ತು. ಎಳ್ಳು ಬೀರಲು ಹೊರಟಾಗ ಅಮ್ಮ ನನ್ನ ಹೊಸ ರೇಷ್ಮೆ ಲಂಗವನ್ನು ಮುದುರಿ ಸ್ನೋಪ್ಯಾಂಟಿನೊಳಗೆ ತುರುಕಿದಳು. ಮೇಲೆ ದಪ್ಪ ಜಾಕೆಟ್ಟು.

"ನನ್ನ ಲಂಗ ಯಾರಿಗ್ ಕಾಣ್ಸತ್ತೆ? ಇಟ್ಸ್ ನಾಟ್ ಫೇರ್!"

"ಸುಮ್ನೆ ನಡಿ, ಬಿದ್ಬಿಡ್ತೀಯ."

ಹೋದಲ್ಲೆಲ್ಲ ಆಂಟಿಯರು ಬಾಗಿಲಲ್ಲೇ ಪೊಟ್ಟಣ ತೆಗೆದುಕೊಂಡು, "ಐಸ್ ಜಾಸ್ತಿ ಆಗೋಕ್ ಮುಂಚೆ ಮನೆ ಸೇರ್ಕೊಳ್ರೀ" ಎಂದರು. ಯಾವ ಮನೆಯಲ್ಲೂ ನನ್ನ ಜಾಕೆಟ್ಟಿನ ಜಿಪ್ಪು ಬಿಚ್ಚುವ ಹಾಗಾಗಲಿಲ್ಲ.

ಮನೆಗೆ ಬಂದವಳೇ ಬೂಟು ಒದ್ದು ಎಸೆದು, ಜಗಳಕ್ಕೆ ಅಮ್ಮನತ್ತ ತಿರುಗಿದೆ. ಅವಳು ಉದ್ದನೆಯ ಕೋಟು ಕಳಚಿ, ಎತ್ತಿ ಸಿಕ್ಕಿಸಿದ್ದ ತನ್ನ ಧಾರೆ ಸೀರೆಯ ನೆರಿಗೆಗಳನ್ನು ಇಳಿಬಿಡುತ್ತಿದ್ದಳು.

"ಚೆನ್ನಾಗಿದ್ಯೇನೇ?" ಎಂದು ನನ್ನನ್ನೇ ಕೇಳಿದಳು.